ಸಾವಿತ್ರಿಬಾಯಿಯವರ ಹದಿನೇಳು ಫಾರಂ

ಫೆಬ್ರವರಿ 3, ಸೋಮವಾರ

ಕೊನೆಗೂ ನನ್ನ ಹೆಸರಿಗೆ ಒಂದು ಇಡೀ ಕೆಲಸ ಬಂತು. ಬೇಗಂಪೇಟೆಯ ಈ ಅಧ್ಯಯನ ಸಂಸ್ಥೆಗೆ ಸೇರಿ ಮೂರು ವರ್ಷ, ಬೇರೆಯವರ ಕೋಷ್ಟಕಗಳಿಗೆ ಗೆರೆ ಎಳೆದದ್ದೇ ಆಯಿತು. ಇವತ್ತು ನಮ್ಮ ಮುಖ್ಯಸ್ಥರು ರಾಮಕೃಷ್ಣ ಸರ್ ಕರೆದು ಕೂರಿಸಿ, "ಕಾವ್ಯಾ, ನಾಚಾರಂ ನಿನ್ನದು" ಎಂದರು.

ಸರ್ಕಾರ ಒಂದು ಮಸೂದೆ ತರಲಿದೆ. ಅದರ ಒಂಬತ್ತನೆಯ ಕಲಂ ಹೇಳುವುದು ಇಷ್ಟೇ: ಕಾರ್ಖಾನೆಯವರು ತಮ್ಮ ಕೆಲಸವನ್ನು ಗೋಡೆಯ ಆಚೆ ಯಾರ ಮನೆಗೂ ಕೊಡುವಂತಿಲ್ಲ. ಎಲ್ಲೋ ಒಂದು ಮನೆಯಲ್ಲಿ ಹಾಗೆ ತಂದಿಟ್ಟ ಸಾಮಾನಿಗೆ ಬೆಂಕಿ ಬಿದ್ದು ಇಬ್ಬರು ಸುಟ್ಟುಕೊಂಡರಂತೆ, ಆಮೇಲೆ ಹುಟ್ಟಿದ ಕಲಂ ಇದು. ಮಸೂದೆ ಮುಂದಕ್ಕೆ ಹೋಗುವ ಮೊದಲು ಅದರಿಂದ ಯಾರ ಅನ್ನ ಹೋಗುತ್ತದೆ, ಯಾರ ಜೀವ ಉಳಿಯುತ್ತದೆ ಎಂದು ಮನೆಮನೆಗೆ ಹೋಗಿ ಕೇಳಿ ವರದಿ ಕೊಡಬೇಕು. ನಾಚಾರಂ ಕಾರ್ಖಾನೆಗಳ ಹಿಂದಿನ ಓಣಿಗಳು ನನ್ನ ಪಾಲಿಗೆ. ಚೆನ್ನಾಗಿ ಮಾಡಿದರೆ ಮಾರ್ಚ್ ಕೊನೆಗೆ ನೌಕರಿ ಪರ್ಮನೆಂಟ್. ಸರ್ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ ಹಾಗೆಯೇ.

ಒಂದೇ ಕಿರಿಕಿರಿ. ನನ್ನ ಜೊತೆಗೆ ಕೊಟ್ಟಿರುವುದು ಸಾವಿತ್ರಿಬಾಯಿಯನ್ನು. ನಮ್ಮ ಹಾಗೆಯೇ ಈ ತೆಲುಗು ಊರಿಗೆ ಬಂದು ನೆಲೆಸಿದವರು, ಬೀದರಿನ ಕಡೆಯವರು, ಅರವತ್ತೊಂದು ವರ್ಷ. ಜನಗಣತಿ, ಪೋಲಿಯೋ, ರೇಷನ್ ಕಾರ್ಡು ಅಂತ ಇಪ್ಪತ್ತಾರು ವರ್ಷದಿಂದ ದಿನಗೂಲಿಯ ಮೇಲೆ ಮನೆಮನೆ ಸುತ್ತಿದವರು. ಟ್ಯಾಬ್ ಕೊಟ್ಟರೆ ಬೇಡ ಎಂದರಂತೆ, ಪೆನ್ಸಿಲ್ ಬೇಕಂತೆ. ದೇವರೇ!

ಸಂಜೆ ಮನೆಯಲ್ಲಿ ಅಪ್ಪನನ್ನು ಕೂರಿಸಿ ಫಾರಂ ಪರೀಕ್ಷೆ ಮಾಡಿದೆ. ಅಪ್ಪ ಅಮರೇಶಪ್ಪ, ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತ. ಅವ್ವ ಶಿವದೇವಿ, ಗೃಹಿಣಿ, ಕೆಲಸ: ಇಲ್ಲ. ಒಟ್ಟು ನಾಲ್ಕು ನಿಮಿಷ! ಅವ್ವ ಕಿಟಕಿಯ ಹತ್ತಿರ ಕಾಲನಿಯ ಯಾರದೋ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದಳು. "ಮುಗೀತೇನು ನಿಮ್ಮ ಪರೀಕ್ಷಾ? ಸ್ವಲ್ಪ ಲೈಟ್ ಹಚ್ಚು" ಎಂದಳು. ಹಚ್ಚಿದೆ.

ಫೆಬ್ರವರಿ 5, ಬುಧವಾರ

ಮೊದಲ ದಿನ. ನಾನು ಇಪ್ಪತ್ತೆರಡು ಫಾರಂ. ಸಾವಿತ್ರಿಬಾಯಿ ಎರಡು! ಇದನ್ನು ಏನೆನ್ನಬೇಕು?

ಜನರೂ ಅಷ್ಟು ಸುಲಭವಲ್ಲ. ಗದಿಗೆಮ್ಮ ಅಂತ ಒಬ್ಬಳು, ಯಾದಗಿರಿ ಕಡೆಯವಳು, ಮೂವತ್ತೆಂಟರ ಆಸುಪಾಸು. ಗಂಡ ಗೋದಾಮಿನಲ್ಲಿ ಹಮಾಲಿ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದರೆ ತಲೆಯನ್ನೇ ಎತ್ತಲಿಲ್ಲ. ಮುಂದೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ, ಅದರೊಳಗಿಂದ ಏನೇನೋ ಸಣ್ಣ ಸಾಮಾನು ತೆಗೆದು ಕಟಕಟ ಅಂತ ಸೇರಿಸುತ್ತ, "ಏನ್ ಕೆಲಸಾ ಮಾಡ್ತೀರಿ?" ಅಂದರೆ "ಏನಿಲ್ಲರೀ ಮೇಡಂ, ಖಾಲಿ ಕುಂತೀನಿ" ಅಂದಳು. ಮಾತಾಡುವಾಗ ಕೈಯಲ್ಲಿದ್ದದ್ದನ್ನು ಕೆಳಗಿಡುವ ಮರ್ಯಾದೆ ಬೇಡವೇ? ಕೆಲಸ: ಇಲ್ಲ ಎಂದು ಒತ್ತಿ ಮುಂದಿನ ಮನೆಗೆ ಹೋದೆ.

ಫೆಬ್ರವರಿ 7, ಶುಕ್ರವಾರ

ಇಪ್ಪತ್ನಾಲ್ಕು. ಅವರದು ಮೂರು.

ಮಧ್ಯಾಹ್ನ ಹುಡುಕಿಕೊಂಡು ಹೋದೆ. ಸಾವಿತ್ರಿಬಾಯಿ ಯಾರದೋ ಪಡಸಾಲೆಯಲ್ಲಿ ಚಪ್ಪಲಿ ಕಳಚಿಟ್ಟು ಕಾಲು ಚಾಚಿ ಕೂತು, ಆ ಮನೆಯವರ ಜೊತೆ ಬಲ್ಬ್ ಹೋಲ್ಡರಿಗೆ ಸ್ಪ್ರಿಂಗ್ ಹಾಕುತ್ತಿದ್ದರು! ಫಾರಂ ಚೀಲದಲ್ಲೇ ಮಡಚಿಕೊಂಡಿತ್ತು. "ಬಾಯಾರ, ನಾವು ಹರಟಿ ಹೊಡ್ಯಾಕ ಬಂದಿಲ್ಲ" ಎಂದೆ. "ಹರಟಿ ಹೊಡೀದ ಇದ್ರ ಬಾಯಿ ಬಿಡಂಗಿಲ್ಲ ಮಗಳ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಂಸ್ಥೆ ಇವರಿಗೆ ಕೂಲಿ ಕೊಡುವುದು ಸ್ಪ್ರಿಂಗ್ ಹಾಕುವುದಕ್ಕಲ್ಲ.

ಫೆಬ್ರವರಿ 14, ಶುಕ್ರವಾರ

ಮುಗಿಸಿದೆ! ನನ್ನ ನೂರ ಅರವತ್ತೊಂದು ಫಾರಂನಲ್ಲಿ ನೂರ ಐವತ್ನಾಲ್ಕು ಹೆಂಗಸರಿಗೆ ಕೆಲಸವಿಲ್ಲ. ಉಳಿದ ಏಳು ಮಂದಿ ಕಾರ್ಖಾನೆಗೇ ಹೋಗುವವರು. ಮೊದಲ ಹಂತದ ಟಿಪ್ಪಣಿಯಲ್ಲಿ ಬರೆದೆ: "ಒಂಬತ್ತನೆಯ ಕಲಂನಿಂದ ಈ ಪ್ರದೇಶದ ಮಹಿಳೆಯರ ಮೇಲೆ ಗಮನಾರ್ಹ ಪರಿಣಾಮವಿಲ್ಲ." ಕೆಳಗೆ ನನ್ನ ಸಹಿ. ರಾಮಕೃಷ್ಣ ಸರ್ ಓದಿ, "ಇಷ್ಟು ಬೇಗ! ಭೇಷ್" ಎಂದು ಇವತ್ತೇ ಇಲಾಖೆಗೆ ಕಳಿಸಿದರು.

ಸಾವಿತ್ರಿಬಾಯಿಯ ಫಾರಂ ಬಂದದ್ದು ಬರೀ ಹದಿನೇಳು. ನೋಡಿದರೆ ತಲೆ ಕೆಟ್ಟುಹೋಯಿತು. ಹದಿನೇಳಕ್ಕೆ ಹದಿನೇಳೂ ಹೆಂಗಸರು ಕೆಲಸ ಮಾಡುತ್ತಾರಂತೆ! ಹದಿನೈದು ಮಂದಿ ಮನೆಯಲ್ಲೇ, ಇಬ್ಬರು ಹೊರಗೆ. ಅದೇ ಓಣಿ, ಅದೇ ಸಾಲು. ಮುದುಕಿಗೆ ಪ್ರಶ್ನೆಯೇ ಅರ್ಥವಾಗಿಲ್ಲ ಅಂತ ಹದಿನೇಳನ್ನೂ ಲೆಕ್ಕದಿಂದ ತೆಗೆದುಹಾಕಿದೆ. ನಮ್ಮ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಅವಕಾಶವಿದೆ.

ಫೆಬ್ರವರಿ 18, ಮಂಗಳವಾರ

ಸಾವಿತ್ರಿಬಾಯಿ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಜಗಳ ಕಾಯುತ್ತಾರೆ ಅಂದುಕೊಂಡು ನಾನೂ ಸೆಟೆದು ಕೂತೆ. ಅವರು ಕೇಳಿದ್ದು ಒಂದೇ: "ನನ್ನ ಹದಿನೇಳು ಎಲ್ಲಿ ಹೋದುವು ಮಗಳ?"

ಹೇಳಿದೆ. ಸಿಟ್ಟು ಮಾಡಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. "ಆತು. ನಾಳೆ ನನ್ನ ಜೋಡಿ ಬಾ. ನೀ ತುಂಬಿದ ಫಾರಂನಾಗಿಂದ ಯಾವ್ದರ ಒಂದು ತಗೊಂಡು ಬಾ. ಖಾಲಿ ಫಾರಂ ತರಬ್ಯಾಡ" ಎಂದರು.

ಬೇಕಂತಲೇ ಗದಿಗೆಮ್ಮನದು ಆರಿಸಿ ಪ್ರಿಂಟ್ ತೆಗೆದೆ. ಆ ಸೊಕ್ಕಿನವಳ ಹತ್ತಿರ ಇವರ ಆಟ ನಡೆಯುತ್ತದೋ ನೋಡೋಣ.

ಫೆಬ್ರವರಿ 19, ಬುಧವಾರ

ಎಲ್ಲಿಂದ ಬರೆಯಲಿ? ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಗದಿಗೆಮ್ಮನ ಮನೆ. ಸಾವಿತ್ರಿಬಾಯಿ ಚಪ್ಪಲಿ ಹೊರಗೆ ಬಿಟ್ಟರು. ತಮ್ಮ ನೀರಿನ ಬಾಟಲಿ ತೆಗೆದು ಕುಡಿದರು, ಅವರ ಮನೆಯ ನೀರು ಕೇಳಲಿಲ್ಲ. ಆ ಓಣಿಗೆ ಮೂರು ದಿನಕ್ಕೊಮ್ಮೆ ನೀರು. ಇದು ನನ್ನ ಫಾರಂನಲ್ಲೇ ಇದೆ, ಆದರೂ ನಾನು ಹೋದ ಮನೆಯಲ್ಲೆಲ್ಲ ನೀರು ಕೇಳಿ ಕುಡಿದಿದ್ದೆ. ಒಳಗೆ ಮಂಚದ ಮೇಲೆ ಗದಿಗೆಮ್ಮನ ಅತ್ತೆ ಯಂಕಮ್ಮ. ಲಕ್ವಾ ಹೊಡೆದು ನಾಲ್ಕು ವರ್ಷವಂತೆ. ಬಾಗಿಲಲ್ಲೇ ನಿಂತು ಹೋದ ನನಗೆ ಈ ಮನೆಯಲ್ಲಿ ಒಂದು ಮಂಚ ಇದೆ ಎಂಬುದೇ ಗೊತ್ತಿರಲಿಲ್ಲ.

ಸಾವಿತ್ರಿಬಾಯಿ ಚೀಲಕ್ಕೆ ಕೈ ಹಾಕಿ ಹೋಲ್ಡರ್ ಜೋಡಿಸುತ್ತ ಯಾದಗಿರಿಯ ಬಿಸಿಲು, ಜ್ವಾಳದ ರೇಟು, ಮಗಳ ಕಾಲೇಜು ಅಂತ ಮಾತು ತೆಗೆದರು. ಅರ್ಧ ಗಂಟೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಆಮೇಲೆ, ಏನೂ ಅಲ್ಲ ಎಂಬಂತೆ ಕೇಳಿದರು: "ಗದಿಗೆಮ್ಮ, ನಿನ್ನೆ ಮುಂಜಾನೆ ಎದ್ದು ಏನೇನ್ ಮಾಡಿದಿ?"

"ನಿನ್ನೆ ಏನ್ರಿ, ನಾಕೂವರಿಗೆ ಎದ್ದೆ. ನೀರ್ ಬಂದಿತ್ತು, ತುಂಬಿದೆ. ಅತ್ತಿ ಮೈ ಒರಸಿ ಸೀರಿ ಬದಲಿಸಿದೆ. ರೊಟ್ಟಿ ಬಡದು ಮಗಳಿಗೆ ಡಬ್ಬಿ ಕಟ್ಟಿದೆ. ಎಂಟಕ್ಕ ಫ್ಯಾಕ್ಟರಿ ಸ್ಕೂಟರಿನ್ಯಾವ ಚೀಲಾ ಇಟ್ಟು ಹೋದ. ಅವಾಗಿಂದ ಕುಂತೆ. ಎರಡ್ ತಾಸಿಗೊಮ್ಮೆ ಎದ್ದು ಅತ್ತಿ ಮಗ್ಗಲಾ ಹೊಳ್ಳಸಬೇಕು, ಇಲ್ಲಂದ್ರ ಬೆನ್ನಿಗೆ ಹುಣ್ಣಾಗ್ತಾವ. ಮತ್ತ ಕುಂತೆ. ಸಂಜಿ ಆರಕ್ಕ ಅವ ಬಂದು ಎಣಿಸ್ಕೊಂಡು ಹೋದ. ಇನ್ನೂರಾ ಎಂಬತ್ತೆಂಟು."

"ದಿನಾ ಇಷ್ಟ ಆಗ್ತಾವೇನು?"

"ಅತ್ತಿ ಆರಾಮಿದ್ರ ಆಗ್ತಾವ್ರಿ. ಇವೇ ನೋಡ್ರಿ ನಮ್ಮ ಮಾನಸಾನ ಕಾಲೇಜು, ಅತ್ತಿ ಗುಳಗಿ ಎಲ್ಲಾ. ಅವರಪ್ಪನ ದುಡಿಮಿ ಬಾಡಿಗಿಗೆ, ರೇಷನ್ನಿಗೆ ಹೋಗ್ತದ."

"ಮತ್ತ ಅವತ್ತು ಖಾಲಿ ಕುಂತೀನಿ ಅಂದ್ರೆಲ್ಲ?" ಎಂದೆ. ಗದಿಗೆಮ್ಮ ನನ್ನನ್ನು ನೋಡಿದ ನೋಟದಲ್ಲಿ ಸೊಕ್ಕಿರಲಿಲ್ಲ, ಬರೀ ಆಶ್ಚರ್ಯ. "ಹೌದಲ್ರಿ ಮೇಡಂ. ಕೆಲಸ ಅಂದ್ರ ಡಬ್ಬಿ ಹಿಡ್ಕೊಂಡು ಹೊರಗ ಹೋಗೂದಲ್ಲೇನ್ರಿ? ನಾ ಮನ್ಯಾಗ ಇರ್ತೀನಿ."

ಸಾವಿತ್ರಿಬಾಯಿ ಆಗ ನನ್ನ ಫಾರಂ ಹೊರಳಿಸಿ ಪೆನ್ಸಿಲ್ ತೆಗೆದರು. ಬರೆದು ಮುಗಿಸಿ, ಬರೆದದ್ದನ್ನೆಲ್ಲ ಗದಿಗೆಮ್ಮನಿಗೆ ಓದಿ ಹೇಳಿದರು: "ಇದು ನಾ ಬರಕೊಂಡದ್ದು. ಖರೇ ಐತೇನು?" ಗದಿಗೆಮ್ಮ ಒಂದು ಕಡೆ ತಿದ್ದಿಸಿದಳು. ಅವರು ರಬ್ಬರಿನಿಂದ ಅಳಿಸಿ ಮತ್ತೆ ಬರೆದರು. ಪೆನ್ಸಿಲ್ ಯಾಕೆ ಬೇಕು ಅಂತ ನನಗೆ ಆಗ ತಿಳಿಯಿತು.

ಹೊರಗೆ ಬಂದ ಮೇಲೆ ಕೇಳಿದೆ, "ಒಂಬತ್ತನೇ ಕಲಂ ಬಂದ್ರ ಇವರಿಗೆ ಏನ್ ಆಗ್ತದ?"

"ಮರುದಿನಾ ಸ್ಕೂಟರ್ ಬರಂಗಿಲ್ಲ. ಫ್ಯಾಕ್ಟರಿಗೆ ಹೋಗು ಅಂತಾರ. ಅತ್ತಿನ ಯಾರ್ ಹೊಳ್ಳಸಬೇಕು? ಹುಡುಗಿ ಕಾಲೇಜ್ ಬಿಟ್ಟು ಕುಂದರ್ತದ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: "ಕಾಯ್ದೆ ಮಾಡೋರು ಕೆಟ್ಟೋರಲ್ಲ ಮಗಳ. ಅವ್ರಿಗೆ ಈ ಓಣಿ ಕಂಡಿಲ್ಲ, ಅಷ್ಟ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ನನ್ನ ಕಣ್ಣೆದುರೇ ಹೋಲ್ಡರ್ ಜೋಡಿಸುತ್ತಿದ್ದಳು! ನಾನು ಕೆಲಸ: ಇಲ್ಲ ಎಂದು ಒತ್ತಿ, ಅದಕ್ಕೆ ಸಹಿ ಹಾಕಿ, ಸರ್ಕಾರಕ್ಕೆ ಕಳಿಸಿದ್ದೇನೆ.

ಫೆಬ್ರವರಿ 20, ಗುರುವಾರ

ರಜೆ ಹಾಕಿದೆ. ಫಾರಂನ ಪ್ರಶ್ನೆಯೇ ಸರಿಯಿಲ್ಲ, ತಪ್ಪು ಫಾರಂ ಮಾಡಿದವರದು ಎಂದು ಇಡೀ ದಿನ ನನಗೆ ನಾನೇ ಹೇಳಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಫೆಬ್ರವರಿ 21, ಶುಕ್ರವಾರ

ರಾಮಕೃಷ್ಣ ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು.

"ಟಿಪ್ಪಣಿ ಇಲಾಖೆ ಮುಟ್ಟಿದೆ, ಕಾವ್ಯಾ. ವಾಪಸ್ ತಗೊಳ್ಳೋದು ಅಂದ್ರೆ ತಪ್ಪಾಗಿದೆ ಅಂತ ಬರೆದುಕೊಡಬೇಕು. ಸಹಿ ನಿನ್ನದು. ಮುಂದಿನ ತಿಂಗಳು ನಿನ್ನ ನೌಕರಿಯ ವಿಚಾರ ಮೇಲಿನವರ ಮುಂದೆ ಹೋಗುತ್ತೆ. ಅವರು ಮೊದಲು ನೋಡೋದೇ ಆ ಪತ್ರವನ್ನ."

"ಬರೆಯದಿದ್ದರೆ ಸರ್?"

"ಬರೆಯದಿದ್ದರೆ ಯಾರೂ ಕೇಳಲ್ಲ."

ಮೇಜಿಗೆ ಬಂದು ಕೂತೆ. ಕಂಪ್ಯೂಟರಿನಲ್ಲಿ ನನ್ನ ನೂರ ಐವತ್ನಾಲ್ಕು ಸಾಲು. ಅವುಗಳಲ್ಲಿ ಒಂದು ಗದಿಗೆಮ್ಮ. ಇನ್ನು ಎಷ್ಟು ಮಂಚ, ಎಷ್ಟು ಮುದುಕಿಯರು, ಎಷ್ಟು ಕಾಲೇಜಿನ ಹುಡುಗಿಯರು? ಯಾರಿಗೆ ಗೊತ್ತು! ನಾನು ಯಾವ ಮನೆಯ ಹೊಸ್ತಿಲೂ ದಾಟಿರಲಿಲ್ಲ.

ಸಂಜೆ ಐದಕ್ಕೆ ಪತ್ರ ಕೊಟ್ಟೆ. ಸಾವಿತ್ರಿಬಾಯಿಯವರ ಹದಿನೇಳು ಫಾರಂ ಸರಿಯಾಗಿದ್ದವು, ನನ್ನವು ತಪ್ಪು, ತೆಗೆದುಹಾಕಿದವಳು ನಾನು ಎಂದೇ ಬರೆದೆ. ಮತ್ತೆ ಓಣಿಗೆ ಹೋಗಲು ಮೂರು ವಾರ ಕೊಟ್ಟಿದ್ದಾರೆ. ಹೆಚ್ಚಿನ ಜನ ಇಲ್ಲ, ನಾವಿಬ್ಬರೇ. ಮನೆಗೆ ಹತ್ತಿರದ ಹಬ್ಸಿಗುಡದವರೆಗೆ ಮೆಟ್ರೋದಲ್ಲಿ ನಿಂತೇ ಬಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಫೆಬ್ರವರಿ 26, ಬುಧವಾರ

ನಾಲ್ಕು ಮನೆ. ಶಿವರಾತ್ರಿ ಅಂತ ಒಂದು ಕಡೆ ಕಲ್ಲಂಗಡಿ ಕೊಟ್ಟರು.

ಮಾರ್ಚ್ 4, ಮಂಗಳವಾರ

ಇವತ್ತು ನಾನು ಮೂವತ್ತಾರು ಹೋಲ್ಡರ್ ಜೋಡಿಸಿದೆ! ಅದರಲ್ಲಿ ಒಂಬತ್ತನ್ನು ಗದಿಗೆಮ್ಮ ಬಿಚ್ಚಿ ಮತ್ತೆ ಮಾಡಿದಳು. "ತಂಗಿ, ನೀ ಹಾಕಿದ ಸ್ಪ್ರಿಂಗಿಗೆ ಬಲ್ಬ್ ಹಚ್ಚಿದ್ರ ಜಗತ್ತೆಲ್ಲಾ ಕತ್ತಲಾಗ್ತದ" ಎಂದು ಅಣಕಿಸಿದಳು. ಮಂಚದ ಮೇಲಿಂದ ಯಂಕಮ್ಮನೂ ಗೊರಗೊರ ನಕ್ಕಳು. ಎರಡು ತಾಸಾದಾಗ ಅವಳನ್ನು ಹೊಳ್ಳಿಸಲು ನಾನೂ ಕೈ ಹಚ್ಚಿದೆ. ಎಲುಬಿನ ಗೂಡು, ಆದರೂ ಎಷ್ಟು ಭಾರ! ಗದಿಗೆಮ್ಮ ಒಬ್ಬಳೇ ಇದನ್ನು ದಿನಕ್ಕೆ ಎಂಟು ಸಲ ಮಾಡುತ್ತಾಳೆ.

ಸಾವಿತ್ರಿಬಾಯಿಯವರ ಹಿಂದೆ ನಡೆಯುವುದೇ ಒಂದು ಪಾಠ. ಯಾವ ಮನೆಗೆ ಯಾವ ಹೊತ್ತಿಗೆ ಹೋಗಬಾರದು ಎಂದು ಅವರಿಗೆ ಗೊತ್ತು. ನೀರು ಬರುವ ದಿನ ಹೋಗುವುದಿಲ್ಲ. ಗಂಡಸರ ಮುಂದೆ ದುಡಿಮೆಯ ಮಾತು ಎತ್ತುವುದಿಲ್ಲ. 'ತಿಂಗಳಿಗೆ ಎಷ್ಟು' ಎಂದು ಕೇಳುವುದೇ ಇಲ್ಲ. "ತಿಂಗಳಾ ಯಾರಿಗೆ ನೆನಪಿರ್ತದ? ನಿನ್ನೆ ಕೇಳು. ನಿನ್ನೆ ಯಾರೂ ಸುಳ್ಳ ಹೇಳಂಗಿಲ್ಲ." ತೆಲುಗಿನ ಮನೆಯಲ್ಲಿ ತೆಲುಗು, ಸಾಬರ ಮನೆಯಲ್ಲಿ ಉರ್ದು, ಎಲ್ಲ ಕಡೆ ಅದೇ ಪ್ರಶ್ನೆ. ಇಪ್ಪತ್ತಾರು ವರ್ಷ ಈ ಊರಿನ ನಿನ್ನೆಗಳನ್ನು ಕೇಳಿದವರನ್ನು ನಾನು ಮುದುಕಿ ಅಂದಿದ್ದೆ. ಈ ಪುಸ್ತಕದಲ್ಲೇ ಇದೆ. ಹರಿದು ಹಾಕೋಣ ಅನಿಸಿತು, ಹಾಕಲಿಲ್ಲ. ಇರಲಿ.

ಮಾರ್ಚ್ 11, ಮಂಗಳವಾರ

ಇವತ್ತು ಅವರ ಜೊತೆ ವಾದ ಮಾಡಿದೆ, ಸೋತೆ.

ಕೊನೆಯ ಓಣಿಯಲ್ಲಿ ಹೋಲ್ಡರಲ್ಲ, ಸೀಸ ಕರಗಿಸಿ ತಂತಿ ಅಂಟಿಸುವ ಬೆಸುಗೆ ಕೆಲಸ. ಕಿಟಕಿಯಿಲ್ಲದ ಕೋಣೆ, ಸುಡುಸುಡು ಕಡ್ಡಿ, ಸೀಸದ ಹೊಗೆ, ಮೂಲೆಯಲ್ಲಿ ಮಲಗಿದ ಕೂಸು. ಇಂಥವು ಒಂಬತ್ತು ಮನೆ. ಹೊರಗೆ ಬಂದು ಮೆಲ್ಲಗೆ ಹೇಳಿದೆ: "ಬಾಯಾರ, ಇದನ್ನ ಬರಿಯೋದು ಬ್ಯಾಡ. ಇದನ್ನ ಓದಿದ್ರ, ನೋಡ್ರಿ ಕಲಂ ಖರೇನ ಐತಿ ಅಂತಾರ. ಗದಿಗೆಮ್ಮನಂಥವ್ರಿಗೆ ಮುಳುವಾಗ್ತದ."

ಅವರು ಅಲ್ಲೇ ನಿಂತುಬಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನೋಡಿದ್ದು ಅದೇ ಮೊದಲು.

"ನೀ ನನ್ನ ಹದಿನೇಳು ತಗದಾಗ ನಿನಗ ಬ್ಯಾಡಾಗಿದ್ದು ತಗದಿ. ಈಗೂ ಅದ ಮಾಡ್ತೀಯೇನು? ಆ ಕೂಸಿನ ಎದಿಯಾಗ ಹೊಗಿ ಹೋಗಾಕತ್ತೈತಿ. ಅದೂ ಓಣೀದ. ಅದನ್ನೂ ಬರಿ."

ಬರೆದೆ. ಒಂಬತ್ತು ಮನೆಯನ್ನೂ ಬರೆದೆ. ಇಂಥ ನೆಟ್ಟಗಿನ ಮನುಷ್ಯರ ಜೊತೆ ಓಡಾಡುವುದು ಸುಲಭವಲ್ಲ, ಆದರೆ ಬೇರೆ ಯಾರ ಜೊತೆಗೂ ಓಡಾಡುವ ಮನಸ್ಸಿಲ್ಲ.

ಮಾರ್ಚ್ 17, ಸೋಮವಾರ

ವರದಿ ಕೊಟ್ಟೆವು. ನೂರ ಐವತ್ತೇಳು ಮನೆ, ನೂರ ಹದಿನೆಂಟರಲ್ಲಿ ಹೆಂಗಸರು ಮನೆಯಲ್ಲೇ ಕಾರ್ಖಾನೆಯ ಕೆಲಸ ಮಾಡುವವರು. ಬೆಸುಗೆಯಂಥ ಅಪಾಯದ ಕೆಲಸವನ್ನು ಮನೆಗೆ ಕೊಡಬಾರದು, ಉಳಿದದ್ದನ್ನು ಕೊಡಬಹುದು, ಕೊಡುವ ಮಾಲೀಕರು ಹೆಂಗಸರ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಇದು ನಮ್ಮ ಸಲಹೆ.

ಮುಖಪುಟದಲ್ಲಿ ಸಾವಿತ್ರಿಬಾಯಿಯವರ ಹೆಸರು ಮೊದಲು ಹಾಕಿದೆ. ದಿನಗೂಲಿಯವರ ಹೆಸರು ಹಾಕುವ ಪದ್ಧತಿ ಇಲ್ಲ ಎಂದು ಆಫೀಸಿನಲ್ಲಿ ಗೊಣಗಿದರು. ರಾಮಕೃಷ್ಣ ಸರ್ ನೋಡಿ, "ಇರಲಿ ಬಿಡಿ" ಎಂದರು.

ಮಾರ್ಚ್ 31, ಸೋಮವಾರ

ಪರ್ಮನೆಂಟ್ ಆಗಲಿಲ್ಲ. ಆರು ತಿಂಗಳು ಮುಂದುವರಿಸಿದ್ದಾರೆ.

ಸಾವಿತ್ರಿಬಾಯಿಯವರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ನಿನ್ನೆಯ ಯುಗಾದಿಯ ಹೋಳಿಗೆ ಅವ್ವ ಡಬ್ಬಿಗೆ ಹಾಕಿಕೊಟ್ಟಿದ್ದಳು, ತಗೊಂಡು ಹೋದೆ. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಒಂದೇ ಕಣ್ಣಿನಲ್ಲಿ ನನ್ನನ್ನು ದಿಟ್ಟಿಸಿ, "ಇಷ್ಟು ದಿನಾ ಮಸಕಾಗೇ ನೋಡೀನಿ ನಿನ್ನ. ಇನ್ ಮ್ಯಾಲ ತಪ್ಪೆಲ್ಲಾ ಕಾಣ್ತಾವ, ಹುಷಾರು" ಎಂದರು. ಮಸುಕಾದ ಕಣ್ಣಿನಲ್ಲೇ ಹದಿನೇಳು ಮನೆ! ಡಾಕ್ಟರು ಮೂರು ವಾರ ಧೂಳಿಗೆ ಹೋಗಬಾರದು ಎಂದಿದ್ದಾರೆ. ಎಂಟನೆಯ ತಾರೀಖು ಇಲಾಖೆಯ ಸಮಿತಿ ಓಣಿಯ ಕೆಲವರನ್ನು ಕರೆದು ಕೇಳಲಿದೆ. ಗದಿಗೆಮ್ಮನೂ ಇದ್ದಾಳೆ. ಬಾಯಿಯವರು ಬರುವ ಹಾಗಿಲ್ಲ.

"ಗದಿಗೆಮ್ಮಗ ಏನ್ ಹೇಳ್ಬೇಕಂತ ಒಂದೀಟು ಕಲಿಸ್ಲೇನು?" ಎಂದೆ.

"ಕಲಿಸಿದ್ದು ನಿನ್ನ ಮಾತಾಗ್ತದ. ಅಕಿ ಮಾತು ಅಕೀನ ಆಡ್ಲಿ."

ಏಪ್ರಿಲ್ 8, ಮಂಗಳವಾರ

ದೊಡ್ಡ ಕೋಣೆ, ಉದ್ದ ಮೇಜು, ಐದು ಜನ ಅಧಿಕಾರಿಗಳು. ಗದಿಗೆಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಯಂಕಮ್ಮನ ಹತ್ತಿರ ಪಕ್ಕದ ಮನೆಯವಳನ್ನು ಬಿಟ್ಟು ಬಂದಿದ್ದಳು. ನಡುವಿನ ಅಧಿಕಾರಿ ನಮ್ಮ ಎರಡೂ ಕಾಗದ ಅಕ್ಕಪಕ್ಕ ಇಟ್ಟುಕೊಂಡಿದ್ದರು, ಫೆಬ್ರವರಿಯ ನನ್ನ ಟಿಪ್ಪಣಿ ಮತ್ತು ಈ ವರದಿ. "ಒಂದರಲ್ಲಿ ಯಾರಿಗೂ ಕೆಲಸವಿಲ್ಲ, ಇನ್ನೊಂದರಲ್ಲಿ ಎಲ್ಲರಿಗೂ ಇದೆ. ಯಾವುದನ್ನು ನಂಬೋಣ? ಅವರನ್ನೇ ಕೇಳಿಬಿಡೋಣ" ಎಂದು ಗದಿಗೆಮ್ಮನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು: "ಮೀರು ಏಂ ಪನಿ ಚೇಸ್ತಾರಮ್ಮಾ?" ಏನು ಕೆಲಸ ಮಾಡುತ್ತೀರಮ್ಮ?

ಗದಿಗೆಮ್ಮ ಸೆರಗು ಸರಿಮಾಡಿಕೊಂಡಳು. "ಏಂ ಲೇದು ಸಾರ್. ಇಂಟ್ಲೋನೇ ಉಂಟಾ." ಏನೂ ಇಲ್ಲ, ಮನೆಯಲ್ಲೇ ಇರುತ್ತೇನೆ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಮುಂದಿನ ಹೆಸರು ಕರೆಯುವುದರಲ್ಲಿದ್ದರು. ನಾನು ಎದ್ದು ನಿಂತೆ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಕನ್ನಡದಲ್ಲಿ, ಉತ್ತರವನ್ನು ತೆಲುಗಿನಲ್ಲಿ ಹೇಳುತ್ತೇನೆ ಎಂದೆ. ಒಪ್ಪಿದರು. ಮೇಜು ಸುತ್ತಿ ಹೋಗಿ ಗದಿಗೆಮ್ಮನ ಪಕ್ಕದ ಕುರ್ಚಿಯಲ್ಲಿ ಕೂತೆ. ಚಪ್ಪಲಿ ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ, ಆಮೇಲೆ ಹುಡುಕಬೇಕಾಯಿತು.

"ಅಕ್ಕಾರ, ನಿನ್ನೆ ಮುಂಜಾನೆ ಎದ್ದು ಏನೇನ್ ಮಾಡಿದ್ರಿ?"

ಹೇಳಿದಳು. ನಾಲ್ಕೂವರೆಯಿಂದ ಶುರು ಮಾಡಿ, ನೀರು, ಅತ್ತೆ, ರೊಟ್ಟಿ, ಡಬ್ಬಿ, ಚೀಲ, ಹೋಲ್ಡರು, ಮತ್ತೆ ಅತ್ತೆ, ಮತ್ತೆ ಹೋಲ್ಡರು. ನಾನು ಪೆನ್ಸಿಲಿನಲ್ಲಿ ಬರೆದುಕೊಂಡು, ಕೊನೆಗೆ ದಿನದ ರೂಢಿಯ ಇನ್ನೂರ ಎಂಬತ್ತೆಂಟನ್ನು ನಾನೇ ಸೇರಿಸಿ ತೆಲುಗಿನಲ್ಲಿ ಓದಿದೆ. ಆಮೇಲೆ ಅವಳ ಕಡೆ ತಿರುಗಿ, "ಖರೇ ಐತೇನ್ರಿ?" ಎಂದೆ.

"ಒಂದ್ ತಪ್ಪೈತಿ ತಂಗಿ. ನಿನ್ನೆ ಇನ್ನೂರಾ ಎಂಬತ್ತೆಂಟಲ್ಲ, ಇನ್ನೂರಾ ಹದಿನಾರ. ಇಲ್ಲಿ ಬರೂದೈತಂತ ಈ ಸೀರಿ ಒಗದು ಇಸ್ತ್ರಿ ಮಾಡಿದ್ನೆಲ್ಲ, ಅದಕ್ಕ ಕಮ್ಮಿ ಆತು."

ಅಳಿಸಿ ತಿದ್ದಿದೆ. ಐದು ಜನವೂ ನನ್ನ ರಬ್ಬರನ್ನು ನೋಡುತ್ತಿದ್ದರು. ಗದಿಗೆಮ್ಮ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಯಾರೂ ಕೇಳದೆ, ಮೊದಲ ಸಲ ಅವಳಾಗಿಯೇ ನಡುವಿನ ಅಧಿಕಾರಿಗೆ ತೆಲುಗಿನಲ್ಲಿ ಹೇಳಿದಳು: ಸಾರ್, ಎಷ್ಟು ಹೊತ್ತಿಗೆ ಬಿಡುತ್ತೀರಿ? ಅಲ್ಲಿ ನನ್ನ ಕೆಲಸ ನಿಂತಿದೆ.

ಅಧಿಕಾರಿ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಫೆಬ್ರವರಿಯ ಟಿಪ್ಪಣಿಯನ್ನು ಬದಿಗೆ ಸರಿಸಿ, ವರದಿಯ ಮೊದಲ ಪುಟ ತಿರುವಿ, "ಸಾವಿತ್ರಿಬಾಯಿ ಅಂದರೆ ಯಾರು?" ಎಂದರು. ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ, ರಾಮಕೃಷ್ಣ ಸರ್ ಕೆಮ್ಮಬೇಕಾಯಿತು. ಒಂಬತ್ತನೆಯ ಕಲಂ ಹೀಗೆಯೇ ಹೋಗುವುದಿಲ್ಲ, ಬಿಡಿಸಿ ಮತ್ತೆ ಬರೆಯಬೇಕು ಎಂದು ನಡಾವಳಿಯಲ್ಲಿ ಬರೆಸಿದರು. ಮುಂದೆ ಏನಾಗುತ್ತದೋ, ನಾಳೆಯಂತೂ ಸ್ಕೂಟರ್ ಬರುತ್ತದೆ.

ಮೆಟ್ಟಿಲು ಇಳಿಯುತ್ತಲೇ ಬಾಯಿಯವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಬೆಸುಗಿ ಮನಿ ಮಾತು ಹೇಳಿದಿಲ್ಲೋ?" ಎಂದರು.

"ಹೇಳ್ದೆ ಬಾಯಾರ. ಒಂಬತ್ತೂ."

"ಚಲೋ ಆತು." ಆಮೇಲೆ ಮೂಗು ಸೀಟಿದ ಸದ್ದು. ಅಳಬೇಡಿ, ಕಣ್ಣಿಗೆ ಒಳ್ಳೆಯದಲ್ಲ ಎಂದೆ. "ಅಳ್ತೀನಿ ಅಂತ ಯಾರ್ ಹೇಳಿದ್ರು?" ಎಂದು ಫೋನ್ ಇಟ್ಟರು.

ಏಪ್ರಿಲ್ 13, ಭಾನುವಾರ

ಅಪ್ಪನಿಗೆ ಆರೋಗ್ಯ ವಿಮೆಯ ಅರ್ಜಿ ತುಂಬಬೇಕಿತ್ತು. ಅಪ್ಪ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. "ಹೆಂಡತಿ, ಶಿವದೇವಿ. ಕೆಲಸ, ಏನೂ ಇಲ್ಲ ಅಂತ ಬರಿ."

ಪೆನ್ ನಿಂತಿತು. ಕಿಟಕಿಯ ಹತ್ತಿರ ಅವ್ವ ಹಸಿರು ಸೀರೆಯೊಂದಕ್ಕೆ ಫಾಲ್ ಹಚ್ಚುತ್ತಿದ್ದಳು. ಪಕ್ಕದಲ್ಲಿ ಇನ್ನೂ ಮೂರು ಮಡಚಿಟ್ಟಿದ್ದವು. ನನಗೆ ನೆನಪಿರುವಷ್ಟು ದಿನದಿಂದ ಅವ್ವನ ಪಕ್ಕದಲ್ಲಿ ಬೇರೆಯವರ ಸೀರೆಗಳು ಇದ್ದೇ ಇವೆ. ನನ್ನ ಅಮೀರ್‌ಪೇಟ್ ಕೋಚಿಂಗಿನ ಎರಡು ವರ್ಷದ ಫೀಸು ಎಲ್ಲಿಂದ ಬಂತು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಅರ್ಜಿ ಅಲ್ಲೇ ಬಿಟ್ಟು ಹೋಗಿ ಅವ್ವನ ಹತ್ತಿರ ನೆಲದ ಮೇಲೆ ಕೂತೆ. ಸೂಜಿಗೆ ದಾರ ಪೋಣಿಸಿಕೊಟ್ಟೆ.

"ಅವ್ವಾ, ನಿನ್ನೆ ಮುಂಜಾನೆ ಎದ್ದು ಏನೇನ್ ಮಾಡಿದಿ?"

"ಯಾಕ, ನನಗೂ ಫಾರಂ ತುಂಬ್ತೀಯೇನು?"

"ಹೂಂ."

ಅವ್ವ ನಕ್ಕಳು. ಆಮೇಲೆ ಹೇಳತೊಡಗಿದಳು. ನಿನ್ನೆಯಿಂದ ಮೊದಲಾಗಿ ಮೊನ್ನೆಗೆ ಹೋಯಿತು, ಅಲ್ಲಿಂದ ನನ್ನ ಕೋಚಿಂಗಿಗೆ, ಅಪ್ಪನ ಕಾರ್ಖಾನೆಯಲ್ಲಿ ಆರು ತಿಂಗಳು ಓವರ್‌ಟೈಮ್ ನಿಂತ ವರ್ಷಕ್ಕೆ, ಈ ಊರಿಗೆ ಬಂದ ಮೊದಲ ಬೇಸಿಗೆಗೆ. ಒಂದು ತಾಸು ಐವತ್ತು ನಿಮಿಷ. ಹಾಳೆ ಸಾಲದೆ ಹಿಂದಿನ ಬದಿಗೂ ಬರೆದೆ. ಅಪ್ಪ ಎರಡು ಸಲ ಬಾಗಿಲಿಗೆ ಬಂದು ನಿಂತು ಹೋದರು.

ಎಲ್ಲ ಓದಿ ಹೇಳಿ, "ಖರೇ ಐತೇನವಾ?" ಎಂದೆ.

ಅವ್ವ ದಾರವನ್ನು ಹಲ್ಲಿನಿಂದ ಕಡಿದು, ಸೀರೆ ಮಡಚಿ ಬದಿಗಿಟ್ಟಳು.

"ಖರೇ ಐತಿ. ಈಗ ಹೋಗಿ ಇದನ್ನ ನಿಮ್ಮಪ್ಪಗ ಓದಿ ಹೇಳು."